ಹಳೆ ಸಾಲ ಇಟ್ಟುಕೊಂಡು ಮನೆ ಸಾಲ: ಮೊದಲು ಯಾವುದನ್ನು ಮುಟ್ಟಿಸಬೇಕು?

2025ರ ಶ್ರಾವಣದಲ್ಲಿ ನನ್ನ ಚಿಕ್ಕಪ್ಪನ ಮಗ ಹುಬ್ಬಳ್ಳಿಯ ಗಾಮನಗಟ್ಟಿ ರಸ್ತೆ ಕಡೆ ಒಂದು ಮನೆ ನೋಡಿದ. ಎರಡು ಬೆಡ್‌ರೂಮು, ಮುಂದೆ ತುಳಸಿಕಟ್ಟೆಗೆ ಜಾಗ, 34 ಲಕ್ಷ. ಅವನು ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕೈಗೆ ಬರುವ ಸಂಬಳ 60 ಸಾವಿರ, ಉಳಿತಾಯ 10 ಲಕ್ಷ. "ಅಣ್ಣಾ, ಸಂಬಳ ಚಲೋ ಐತಿ, ಸಿಬಿಲ್ 760 ಐತಿ. 27 ಲಕ್ಷ ಸಾಲ ಸಿಗಾಕ ಏನ್ ತೊಂದ್ರಿ?" ಅಂದ. ಸಿಬಿಲ್ ಅಂದರೆ ಹಳೆ ಸಾಲ ಹೇಗೆ ಕಟ್ಟಿದ್ದೀರಿ ಅಂತ ನೋಡಿ ಕೊಡುವ ಅಂಕ.

ಬ್ಯಾಂಕಿನವರು 15 ಲಕ್ಷ ಅಂದರು.

ಅವನಿಗೆ ಇದ್ದ ಹಳೆ ಸಾಲ ಎಲ್ಲ ಸೇರಿ ಎರಡೂವರೆ ಲಕ್ಷವೂ ಇರಲಿಲ್ಲ. ಎರಡೂವರೆ ಲಕ್ಷಕ್ಕೆ ಹೆಚ್ಚೆಂದರೆ ಎರಡೂವರೆ ಲಕ್ಷ ಕಡಿಮೆ ಮಾಡಬೇಕು, 12 ಲಕ್ಷ ಯಾಕೆ ಕತ್ತರಿಸಿದರು ಅನ್ನೋದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಗೊತ್ತಾದರೆ ಮುಂದಿನ ಆಯ್ಕೆಗಳನ್ನು ತೂಗಿ ನೋಡುವುದು ಸುಲಭ.

ಬ್ಯಾಂಕು ನೋಡುವುದು ಸಾಲವನ್ನಲ್ಲ, ಕಂತನ್ನು

ನಿಮ್ಮ ತಿಂಗಳ ಆದಾಯದಲ್ಲಿ ಎಷ್ಟು ಭಾಗ ಕಂತಿಗೆ ಹೋಗಬಹುದು ಅಂತ ಪ್ರತಿ ಬ್ಯಾಂಕಿಗೂ ಒಂದು ಗೆರೆ ಇರುತ್ತದೆ. ಸಾಮಾನ್ಯವಾಗಿ ಶೇ 40ರಿಂದ 50. ಸಂಬಳ ಜಾಸ್ತಿ ಇದ್ದವರಿಗೆ ಶೇ 60ರವರೆಗೂ ಹೋಗುತ್ತಾರೆ. ಬ್ಯಾಂಕಿನವರ ಭಾಷೆಯಲ್ಲಿ ಇದು ಎಫ್‌ಒಐಆರ್. ಆ ಗೆರೆಯೊಳಗೆ ಈಗಾಗಲೇ ಕಟ್ಟುತ್ತಿರುವ ಕಂತುಗಳನ್ನು ಕಳೆದು, ಉಳಿದದ್ದು ಎಷ್ಟೋ ಅಷ್ಟಕ್ಕೆ ಮಾತ್ರ ಮನೆ ಸಾಲ.

ತಮ್ಮನ ಲೆಕ್ಕ ಹೀಗಿತ್ತು. 60 ಸಾವಿರದಲ್ಲಿ ಶೇ 50 ಅಂದರೆ 30 ಸಾವಿರ. ತಂಗಿಯ ಮದುವೆಗೆ ತೆಗೆದ 3 ಲಕ್ಷದ ಪರ್ಸನಲ್ ಲೋನ್, ಶೇ 14 ಬಡ್ಡಿ, ಮೂರು ವರ್ಷ: ಕಂತು 10,250. ಬೈಕಿನ ಸಾಲದ ಕಂತು 3,600. ಕ್ರೆಡಿಟ್ ಕಾರ್ಡಿನಲ್ಲಿ 60 ಸಾವಿರ ಬಾಕಿ. ಕಾರ್ಡಿಗೆ ಕಂತೇ ಇಲ್ಲವಲ್ಲ ಅಂತೀರಾ? ಬ್ಯಾಂಕು ಸಾಮಾನ್ಯವಾಗಿ ಬಾಕಿಯ ಶೇ 5ನ್ನು ಕಂತು ಅಂತಲೇ ಹಿಡಿಯುತ್ತದೆ. ಅಲ್ಲಿಗೆ 3,000. ಒಟ್ಟು 16,850 ಹೋಯಿತು. ಉಳಿದದ್ದು 13,150.

ಮನೆ ಸಾಲಕ್ಕೆ ಶೇ 8.5 ಬಡ್ಡಿ, 20 ವರ್ಷ ಅಂತ ಇಟ್ಟುಕೊಂಡರೆ ಪ್ರತಿ ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ ಕಂತು ಬರುತ್ತದೆ. 13,150ಕ್ಕೆ 15 ಲಕ್ಷ. ಹಳೆ ಸಾಲ ಒಂದೂ ಇಲ್ಲದಿದ್ದರೆ 30 ಸಾವಿರಕ್ಕೆ 34.5 ಲಕ್ಷ ಆಗುತ್ತಿತ್ತು. ಅಂದರೆ ಎರಡೂವರೆ ಲಕ್ಷದ ಸಾಲ ಹತ್ತೊಂಬತ್ತು ಲಕ್ಷದ ಅರ್ಹತೆಯನ್ನು ನುಂಗಿ ಕೂತಿತ್ತು. ಹಳೆ ಸಾಲಗಳು ಎರಡು ಮೂರು ವರ್ಷದಲ್ಲಿ ತೀರುವಂಥವು, ಹಾಗಾಗಿ ಕಂತು ದಪ್ಪ. ಮನೆ ಸಾಲ ಇಪ್ಪತ್ತು ವರ್ಷದ್ದು, ಕಂತು ತೆಳು. ಇಷ್ಟೇ ಗುಟ್ಟು.

ಆಯ್ಕೆ ಒಂದು: ಎಲ್ಲ ಮುಟ್ಟಿಸಿ ಆಮೇಲೆ ಅರ್ಜಿ

ಮನೆಯಲ್ಲಿ ಹಿರಿಯರು ಹೇಳೋದು ಇದನ್ನೇ. ಸಾಲ ಇಟ್ಟುಕೊಂಡು ಸಾಲ ಮಾಡಬೇಡ. ಕೇಳೋದಕ್ಕೆ ಚೆನ್ನಾಗಿದೆ, ಆದರೆ ದುಡ್ಡು ಎಲ್ಲಿಂದ? ಮನೆಗೆ ಅಂತ ಕೂಡಿಟ್ಟ ಗಂಟಿನಿಂದಲೇ ಅಲ್ವಾ?

ಆ ಗಂಟಿಗೆ ಬೇರೆ ಕೆಲಸವೂ ಇದೆ. ಬ್ಯಾಂಕು ಮನೆಯ ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದರ ಮೇಲೆ ಶೇ 75. ಇದು ಗರಿಷ್ಠ ಮಿತಿ, ಶಾಖೆಯಲ್ಲಿ ಇನ್ನೂ ಕಮ್ಮಿ ಹೇಳಬಹುದು. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚು ಈ ಲೆಕ್ಕದಲ್ಲಿ ಸೇರುವುದಿಲ್ಲ, ಅದು ಪೂರ್ತಿ ನಿಮ್ಮ ಜೇಬಿನದು. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ನನ್ನ ತಮ್ಮ ಮನೆ ನೋಡಿದ್ದು ಏರುವ ಮೊದಲು, ನೋಂದಣಿ ಮಾಡಿಸಿದ್ದು ಏರಿದ ಮೇಲೆ. ಸುಮ್ನೆ 34 ಸಾವಿರ ಜಾಸ್ತಿ ಹೋಯಿತು. ಎಲ್ಲ ಸೇರಿ ಅವನು ಇದಕ್ಕೆ 2.6 ಲಕ್ಷ ಎತ್ತಿಟ್ಟ.

ಈಗ ಲೆಕ್ಕ ಹಾಕಿ. 10 ಲಕ್ಷದಲ್ಲಿ ಹಳೆ ಸಾಲಕ್ಕೆ 2.43, ನೋಂದಣಿಗೆ 2.6. ಉಳಿದದ್ದು 5 ಲಕ್ಷಕ್ಕೆ ಸ್ವಲ್ಪ ಕಮ್ಮಿ. ಬೇಕಾದ ಸಾಲ 29 ಲಕ್ಷ, ಕಂತು 25,200. ಬ್ಯಾಂಕಿನ ಗೆರೆಯೊಳಗೇ ಬರುತ್ತದೆ. ಆದರೆ ಹೊಸ ಮನೆಗೆ ಕಾಲಿಡುವ ದಿನ ಕೈಯಲ್ಲಿ ಒಂದು ರೂಪಾಯಿ ಇಲ್ಲ. ಗೃಹಪ್ರವೇಶಕ್ಕೆ ಮತ್ತೆ ಅದೇ ಕಾರ್ಡ್ ಉಜ್ಜಬೇಕು. ನನಗೆ ಇದು ಹಿಡಿಸಲಿಲ್ಲ.

ಇನ್ನೊಂದು ಮಾತು. ಪರ್ಸನಲ್ ಲೋನ್ ಕೊನೆಗಾಲದಲ್ಲಿ ಮುಟ್ಟಿಸಿದರೆ ಬಡ್ಡಿ ದೊಡ್ಡದಾಗಿ ಉಳಿಯುತ್ತದೆ ಅನ್ನೋದು ಭ್ರಮೆ. ತಮ್ಮನಿಗೆ 16 ಕಂತು ಬಾಕಿ ಇತ್ತು. ಕಟ್ಟುತ್ತಾ ಹೋದರೆ 1.64 ಲಕ್ಷ, ಈಗಲೇ ಮುಟ್ಟಿಸಿದರೆ 1.49 ಲಕ್ಷ. ಉಳಿಯೋದು 15 ಸಾವಿರ. ಅವಧಿಗೆ ಮೊದಲೇ ಕಟ್ಟಿದ್ದಕ್ಕೆ ಶೇ 4 ದಂಡ, ಅದರ ಮೇಲೆ ಜಿಎಸ್‌ಟಿ ಹಾಕಿದರೆ ಅದರಲ್ಲೇ 7 ಸಾವಿರ ಹೋಗುತ್ತದೆ. ಮುಟ್ಟಿಸುವುದಾದರೆ ಅರ್ಹತೆ ಹೆಚ್ಚಿಸಿಕೊಳ್ಳಲು ಮುಟ್ಟಿಸಿ, ಬಡ್ಡಿ ಉಳಿಸುತ್ತೇನೆ ಅಂತ ಅಲ್ಲ.

ಆಯ್ಕೆ ಎರಡು: ಆರಿಸಿ ಮುಟ್ಟಿಸುವುದು

ನನ್ನ ಓಟು ಇದಕ್ಕೆ. ಪ್ರತಿ ಸಾಲದ ಮುಂದೆ ಎರಡು ಅಂಕಿ ಬರೆದುಕೊಳ್ಳಿ: ಮುಟ್ಟಿಸಲು ಎಷ್ಟು ಬೇಕು, ಮುಟ್ಟಿಸಿದರೆ ಎಷ್ಟು ಕಂತು ಬಿಡುಗಡೆ ಆಗುತ್ತದೆ.

ಬೈಕಿಗೆ 10 ಕಂತು ಉಳಿದಿತ್ತು. ಸುಮಾರು 34 ಸಾವಿರ ಕೊಟ್ಟರೆ 3,600ರ ಕಂತು ಹೋಗುತ್ತದೆ. ಅದರಿಂದ ಮನೆ ಸಾಲದ ಅರ್ಹತೆ 4 ಲಕ್ಷಕ್ಕೂ ಮೇಲೆ ಏರುತ್ತದೆ. ಕಾರ್ಡಿಗೆ 60 ಸಾವಿರ ಕೊಟ್ಟರೆ ಮೂರೂವರೆ ಲಕ್ಷ ಏರಿಕೆ. ಪರ್ಸನಲ್ ಲೋನಿಗೆ ಒಂದೂವರೆ ಲಕ್ಷ ಕೊಟ್ಟರೆ 11.8 ಲಕ್ಷ ಏರಿಕೆ. ಕೊಟ್ಟ ರೂಪಾಯಿಗೆ ಸಿಕ್ಕ ಅರ್ಹತೆ ನೋಡಿದರೆ ಬೈಕು ಮೊದಲು, ಪರ್ಸನಲ್ ಲೋನ್ ಎರಡನೆಯದು, ಕಾರ್ಡು ಕೊನೆಗೆ.

ಆದರೂ ನಾನು ಕಾರ್ಡನ್ನೇ ಮೊದಲು ಮುಟ್ಟಿಸು ಅಂದೆ. ತಿಂಗಳಿಗೆ ಶೇ 3.5 ಅಂದರೆ ವರ್ಷಕ್ಕೆ ಶೇ 42. ಊರಲ್ಲಿ ಮೀಟರ್ ಬಡ್ಡಿಯವರನ್ನು ಬೈಯುತ್ತೇವೆ, ಜೇಬಿನಲ್ಲಿರುವ ಕಾರ್ಡಿಗೆ ಮಾತ್ರ ಸುಮ್ಮನೆ ಕಟ್ಟುತ್ತೇವೆ. ಮೇಲಾಗಿ ಕಾರ್ಡಿನ ಮಿತಿಯಲ್ಲಿ ದೊಡ್ಡ ಪಾಲು ಬಳಸಿಕೊಂಡಿದ್ದರೆ ಸಿಬಿಲ್ ಅಂಕ ಇಳಿಯುತ್ತದೆ. ಕಾರ್ಡ್ ಬಾಕಿ ಸೊನ್ನೆಗೆ ತಂದರೆ ಅರ್ಹತೆ, ಅಂಕ ಎರಡೂ ಸುಧಾರಿಸುತ್ತವೆ. ಬಾಕಿ ತೀರಿಸಿ, ಕಾರ್ಡನ್ನು ರದ್ದು ಮಾಡಬೇಡಿ. ಹಳೆಯ ಕಾರ್ಡು ಇದ್ದಷ್ಟೂ ಒಳ್ಳೆಯದು.

ಆಮೇಲೆ ಕೆಲವೇ ಕಂತು ಬಾಕಿ ಇರುವ ಸಾಲಗಳು. ಐದಾರು ಕಂತು ಮಾತ್ರ ಉಳಿದಿದ್ದರೆ ಕೆಲವು ಬ್ಯಾಂಕುಗಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮುಟ್ಟಿಸುವ ಮೊದಲು ಶಾಖೆಯಲ್ಲಿ ಒಂದು ಮಾತು ಕೇಳಿ.

ಗದಗ, ಹಾವೇರಿ ಕಡೆಯ ಓದುಗರಿಗೆ ಒಂದು ಎಚ್ಚರಿಕೆ. ಸೊಸೈಟಿಯ ಬೆಳೆಸಾಲ ಮುಟ್ಟಿಸಲು ಅವಸರ ಮಾಡಬೇಡಿ. ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆಸಾಲ ಇದೆ. ಅದಕ್ಕಿಂತ ಅಗ್ಗದ ದುಡ್ಡು ಎಲ್ಲೂ ಸಿಗುವುದಿಲ್ಲ. ಆದರೆ ಗಡುವಿನೊಳಗೆ ಕಟ್ಟಿ ನವೀಕರಿಸಿ. ಗಡುವು ದಾಟಿದರೆ ಬಡ್ಡಿ ರಿಯಾಯಿತಿಯೂ ಇಲ್ಲ, ಸುಸ್ತಿದಾರ ಅನ್ನೋ ಹೆಸರು ಬೇರೆ.

ಆಯ್ಕೆ ಮೂರು: ಹೆಂಡತಿ ಅಥವಾ ಗಂಡನನ್ನು ಸಹ ಅರ್ಜಿದಾರ ಮಾಡುವುದು

ತಮ್ಮನ ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಸಂಬಳ 18 ಸಾವಿರ, ಬ್ಯಾಂಕ್ ಖಾತೆಗೇ ಬರುತ್ತದೆ. ಅದು ಮುಖ್ಯ. ಕೈಯಲ್ಲಿ ನಗದು ಎಣಿಸಿಕೊಡುವ ಸಂಬಳವಾದರೆ ಬ್ಯಾಂಕಿನ ಮಟ್ಟಿಗೆ ಅದು ಇಲ್ಲದಂತೆಯೇ. 18 ಸಾವಿರದ ಅರ್ಧ 9 ಸಾವಿರ. ಅಷ್ಟಕ್ಕೆ 10 ಲಕ್ಷಕ್ಕೂ ಹೆಚ್ಚು ಸಾಲ ಕೂಡುತ್ತದೆ. ಹೆಂಗಸರ ಹೆಸರು ಮಾಲೀಕರಲ್ಲಿದ್ದರೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲೂ ಸಣ್ಣ ರಿಯಾಯಿತಿ ಕೊಡುತ್ತವೆ.

ಆದರೆ ಆದಾಯದ ಜೊತೆ ಅವರ ಸಾಲವೂ ಬರುತ್ತದೆ. ತಮ್ಮನ ಹೆಂಡತಿ ಹೆಸರಲ್ಲಿ ಮೈಕ್ರೋಫೈನಾನ್ಸಿನ ಗುಂಪು ಸಾಲ ಇತ್ತು, ತಿಂಗಳಿಗೆ 2,200. ಅದು ತಮ್ಮನಿಗೇ ಸರಿಯಾಗಿ ಗೊತ್ತಿರಲಿಲ್ಲ! ಮೈಕ್ರೋಫೈನಾನ್ಸ್ ಸಾಲಗಳೂ ಕ್ರೆಡಿಟ್ ಬ್ಯೂರೋಗಳಿಗೆ, ಅಂದರೆ ಎಲ್ಲರ ಸಾಲದ ದಾಖಲೆ ಇಡುವ ಕಂಪನಿಗಳಿಗೆ, ವರದಿ ಆಗುತ್ತವೆ. ಗುಂಪಿನಲ್ಲಿ ಯಾರೋ ಒಬ್ಬರು ಕಟ್ಟದೇ ಹೋದಾಗ ಏನಾಗುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು, ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಜೋಡಿ ಅರ್ಜಿ ಹಾಕುವ ಮೊದಲು ಇಬ್ಬರ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರಲ್ಲಿ ಒಬ್ಬರ ಅಂಕ ಕೆಟ್ಟಿದ್ದರೆ ಜೋಡಿ ಅರ್ಜಿಯಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಆಯ್ಕೆ ನಾಲ್ಕು: ಅವಧಿ ಎಳೆಯುವುದು

ಏಜೆಂಟರು ಮೊದಲು ಹೇಳುವ ಉಪಾಯ. 20ರ ಬದಲು 30 ವರ್ಷ ಮಾಡಿದರೆ ಲಕ್ಷಕ್ಕೆ 868 ಇದ್ದ ಕಂತು 769 ಆಗುತ್ತದೆ. ತಮ್ಮನಿಗೆ ಉಳಿದಿದ್ದ 13,150ರಲ್ಲಿ 15ರ ಬದಲು 17 ಲಕ್ಷ ಸಿಗುತ್ತದೆ. ಎರಡೇ ಲಕ್ಷದ ಲಾಭ. ಇದಕ್ಕೆ ತೆರುವ ಬೆಲೆ ನೋಡಿ: 15 ಲಕ್ಷಕ್ಕೆ 20 ವರ್ಷದಲ್ಲಿ ಒಟ್ಟು ಕಟ್ಟುವುದು 31 ಲಕ್ಷ, 30 ವರ್ಷದಲ್ಲಿ 41 ಲಕ್ಷ. ನೌಕರರಿಗೆ ಸಾಮಾನ್ಯವಾಗಿ ನಿವೃತ್ತಿಯ ವಯಸ್ಸಿನೊಳಗೆ ಸಾಲ ಮುಗಿಯಬೇಕು ಅನ್ನೋ ಷರತ್ತೂ ಇರುವುದರಿಂದ ಮೂವತ್ತು ದಾಟಿದವರಿಗೆ ಇದು ಪೂರ್ತಿ ದಕ್ಕುವುದೂ ಇಲ್ಲ. ಹಳೆ ಸಾಲ ಬೇಗ ಮುಗಿಯುವುದಿದ್ದು, ಆಮೇಲೆ ಕಂತು ಏರಿಸುತ್ತೇನೆ ಅನ್ನೋ ಗಟ್ಟಿ ಮನಸ್ಸಿದ್ದರೆ ಸರಿ. ಬದಲಾಗುವ ಬಡ್ಡಿದರದ ಮನೆ ಸಾಲವನ್ನು ಮೊದಲೇ ತೀರಿಸಿದರೆ ದಂಡ ಇಲ್ಲ, ಅದೊಂದು ಅನುಕೂಲ.

ಆಯ್ಕೆ ಐದು: ಬಂಗಾರ ಅಡವಿಟ್ಟು ಹಳೆ ಸಾಲ ತೀರಿಸುವುದು

ಕಾರ್ಡ್ ಬಾಕಿಗೆ ಇದು ಒಳ್ಳೆಯ ಮದ್ದು. ಶೇ 42ರ ಬಡ್ಡಿ ತೆಗೆದು ಶೇ 10ರ ಆಸುಪಾಸಿಗೆ ಬರುತ್ತೀರಿ. ವರ್ಷದ ಕೊನೆಗೆ ಅಸಲು, ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ ತಿಂಗಳ ಕಂತೂ ಇಲ್ಲ. ಆದರೆ ಬಂಗಾರದ ಸಾಲವೂ ವರದಿಯಲ್ಲಿ ಕಾಣುತ್ತದೆ, ಕೆಲವು ಬ್ಯಾಂಕುಗಳು ಅದರ ಬಡ್ಡಿಯನ್ನು ತಿಂಗಳ ಲೆಕ್ಕಕ್ಕೆ ಹಿಡಿಯುತ್ತವೆ. ಹನ್ನೆರಡು ತಿಂಗಳಲ್ಲಿ ಬಿಡಿಸಿಕೊಳ್ಳುವ ದಾರಿ ಕಾಣಿಸಿದರೆ ಮಾತ್ರ ಮಾಡಿ. ಹೊಸ ಮನೆಯ ಕಂತು, ಬಂಗಾರ ಬಿಡಿಸುವುದು ಎರಡೂ ಒಂದೇ ವರ್ಷ ಬಂದರೆ ಅವ್ವನ ಬಿಲ್ವಾರ ಹರಾಜಿಗೆ ಹೋಗುತ್ತದೆ.

ಆಯ್ಕೆ ಆರು: ಕಾಯುವುದು

ನನ್ನ ತಮ್ಮ ಕಾರ್ಡ್ ಒಂದನ್ನು ಮುಟ್ಟಿಸಿ 16 ತಿಂಗಳು ಕಾದಿದ್ದರೆ ಬೈಕು, ಪರ್ಸನಲ್ ಲೋನ್ ತಾವಾಗಿಯೇ ಮುಗಿಯುತ್ತಿದ್ದವು. ಅವೆರಡಕ್ಕೆ ಗಂಟಿಗೂ ಕೈ ಹಚ್ಚಬೇಕಿರಲಿಲ್ಲ. ಬಾಡಿಗೆ 9 ಸಾವಿರದಂತೆ 1.44 ಲಕ್ಷ ಹೋಗುತ್ತಿತ್ತು, ಅಷ್ಟೇ. ಮನಸ್ಸಿಗೆ ಬಂದ ಮನೆ ಇನ್ನೂ ಸಿಕ್ಕಿಲ್ಲದವರಿಗೆ ಇದಕ್ಕಿಂತ ಚಲೋ ಆಯ್ಕೆ ಇಲ್ಲ. ಸಿಕ್ಕವರಿಗೆ ಈ ಮಾತು ಕಿವಿಗೆ ಬೀಳುವುದಿಲ್ಲ, ಅದು ಬೇರೆ.

ಕಣ್ಣಿಗೆ ಕಾಣದ ಸಾಲ

ನನ್ನದೇ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಧಾರವಾಡದ ಒಂದು ಬ್ಯಾಂಕ್ ಶಾಖೆಯಲ್ಲಿ ಕೂತು, "ಸಾಹೇಬ್ರ, ನಂದೇನೂ ಸಾಲ ಇಲ್ರೀ" ಅಂದೆ. ಎದೆ ತಟ್ಟಿಕೊಂಡೇ ಅಂದೆ. ಮ್ಯಾನೇಜರು ಮಾತಾಡಲಿಲ್ಲ. ಕಂಪ್ಯೂಟರಿನ ಪರದೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದರು. "ಇಲ್ಲಿ ನೋಡ್ರಿ ಸರ್. ಇದು ನಿಮ್ದ ಹೆಸರು ಅಲ್ಲೇನ್ರಿ?" ಒಂದು ಟ್ರ್ಯಾಕ್ಟರ್ ಸಾಲ. ಜಾಮೀನುದಾರ ಅನ್ನೋ ಪದದ ಮುಂದೆ ನನ್ನ ಹೆಸರು, ಅದರ ಕೆಳಗೆ ಕಟ್ಟದ ತಿಂಗಳುಗಳ ಸಾಲು. ಗೆಳೆಯನೊಬ್ಬನಿಗೆ ಮಿರ್ಚಿ ಭಜಿ ತಿನ್ನುತ್ತಾ ಸಹಿ ಹಾಕಿಕೊಟ್ಟಿದ್ದೆ. ಎಣ್ಣೆಯ ಕಲೆ ಆ ಕಾಗದದ ಮೇಲೆ ಈಗಲೂ ಇರಬೇಕು.

1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಗೆಳೆಯನನ್ನು ಕರೆದುಕೊಂಡು ಹೋಗಿ ಬಾಕಿ ಕಟ್ಟಿಸಿ, ವರದಿ ಸರಿಯಾಗುವ ಹೊತ್ತಿಗೆ ನಾನು ನೋಡಿದ್ದ ಸೈಟು ಬೇರೆಯವರ ಪಾಲಾಗಿತ್ತು.

ಇಂಥವು ಇನ್ನೂ ಇವೆ. ದೀಪಾವಳಿಗೆ ಕಂತಿನ ಮೇಲೆ ತಂದ ಫ್ರಿಜ್ಜು ಒಂದು ಸಾಲವೇ. ಮೊಬೈಲ್ ಆ್ಯಪಿನಲ್ಲಿ ಎತ್ತಿದ ಐದು ಸಾವಿರವೂ ಸಾಲವೇ. ರೈಲ್ವೆಯವರು, ಸರ್ಕಾರಿ ನೌಕರರು ನೌಕರರ ಸೊಸೈಟಿಯಲ್ಲಿ ತೆಗೆದ ಸಾಲ ಎಷ್ಟೋ ಸಲ ಸಿಬಿಲ್‌ನಲ್ಲಿ ಇರುವುದಿಲ್ಲ. ಆದರೆ ಸಂಬಳದ ಚೀಟಿಯಲ್ಲಿ ಕಟಾವು ಎದ್ದು ಕಾಣುತ್ತದೆ. ಭಿಶಿ (ಚೀಟಿ), ಕೈಗಡ ಬ್ಯಾಂಕಿಗೆ ಕಾಣಲಿಕ್ಕಿಲ್ಲ. ಕಂತು ಕಟ್ಟುವಾಗ ನಿಮಗೆ ಕಂಡೇ ಕಾಣುತ್ತದೆ, ಹಾಗಾಗಿ ನಿಮ್ಮ ಲೆಕ್ಕದಲ್ಲಿ ಬಿಡಬೇಡಿ.

"ಅರ್ಧ ಕಟ್ಟಿ, ಸೆಟಲ್ ಮಾಡೋಣ" ಅಂತ ವಸೂಲಿಯವರು ಫೋನ್ ಮಾಡಿದರೆ ಹಿಗ್ಗಬೇಡಿ. ಪೂರ್ತಿ ಕಟ್ಟಿದ ಸಾಲಕ್ಕೆ ವರದಿಯಲ್ಲಿ 'ಕ್ಲೋಸ್ಡ್' ಅಂತ ಬರುತ್ತದೆ, ರಾಜಿ ಮಾಡಿಕೊಂಡದ್ದಕ್ಕೆ 'ಸೆಟಲ್ಡ್' ಅಂತ. ಎರಡನೆಯದು ವರ್ಷಗಟ್ಟಲೆ ಉಳಿಯುತ್ತದೆ, ಮನೆ ಸಾಲ ಕೊಡುವವರು ಅದನ್ನು ಕಂಡರೆ ಹಿಂದೆ ಸರಿಯುತ್ತಾರೆ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಾಲ ಮುಟ್ಟಿಸಿದ ಮರುದಿನವೇ ಅರ್ಜಿ ಹಾಕಬೇಡಿ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಹಾಗಾಗಿ ಒಂದು ತಿಂಗಳು ಬಿಟ್ಟು ವರದಿ ತೆಗೆದು ನೋಡಿ ಹೋಗಿ. ಸಾಲ ತೀರಿದ ಪತ್ರ ಕೈಯಲ್ಲಿರಲಿ. ಬೈಕಿನ ಆರ್‌ಸಿಯಲ್ಲಿ ಫೈನಾನ್ಸಿನವರ ಹೆಸರು ತೆಗೆಸುವುದನ್ನೂ ಮರೆಯಬೇಡಿ.

ಯಾರ ಬಾಗಿಲು ತಟ್ಟುವುದು?

ಸರ್ಕಾರಿ ಬ್ಯಾಂಕಿನಲ್ಲಿ ಬಡ್ಡಿ ಸಾಮಾನ್ಯವಾಗಿ ಕಮ್ಮಿ, ಲೆಕ್ಕ ಬಿಗಿ, ಓಡಾಟ ಜಾಸ್ತಿ. ಹೌಸಿಂಗ್ ಫೈನಾನ್ಸ್ ಕಂಪನಿಗಳು ಹಳೆ ಸಾಲ ಇದ್ದರೂ, ಅಂಕ ಸ್ವಲ್ಪ ಕಮ್ಮಿ ಇದ್ದರೂ ಮಾತಾಡುತ್ತವೆ, ಆದರೆ ಬಡ್ಡಿಯಲ್ಲಿ ಅದನ್ನು ವಸೂಲಿ ಮಾಡುತ್ತವೆ. ಅಂಗಡಿ ಇಟ್ಟವರಿಗೆ, ಸಂಬಳದ ಚೀಟಿ ಇಲ್ಲದವರಿಗೆ ಅದೇ ಗತಿ ಆಗುವುದೂ ಉಂಟು. ಪಟ್ಟಣದ ಸಹಕಾರಿ ಬ್ಯಾಂಕುಗಳಲ್ಲಿ ನಿಮ್ಮ ವ್ಯವಹಾರ ಹತ್ತು ವರ್ಷದಿಂದ ನೋಡಿದವರು ಇರುತ್ತಾರೆ, ಅದು ಅಂಕಕ್ಕಿಂತ ಭಾರ ತೂಗುವುದನ್ನು ನಾನು ನೋಡಿದ್ದೇನೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ನಾಡು ಇದು. ಮುಖ ನೋಡಿ ಸಾಲ ಕೊಡುವ ಪದ್ಧತಿ ಇನ್ನೂ ಪೂರ್ತಿ ಸತ್ತಿಲ್ಲ. ಆದರೆ ಅಲ್ಲಿಯ ಬಡ್ಡಿದರವನ್ನು ಸರ್ಕಾರಿ ಬ್ಯಾಂಕಿನದರ ಪಕ್ಕ ಇಟ್ಟು ನೋಡದೇ ಸಹಿ ಹಾಕಬೇಡಿ.

ಮೂರು ಕಡೆ ಬಾಯಲ್ಲಿ ವಿಚಾರಿಸಿ, ಒಂದೇ ಕಡೆ ಅರ್ಜಿ ಹಾಕಿ. ಆರು ಕಡೆ ಅರ್ಜಿ ಹಾಕಿದರೆ ಆರು ಸಲ ವರದಿ ತೆಗೆಯುತ್ತಾರೆ, ಪ್ರತಿ ಸಲವೂ ಅಂಕ ಚೂರು ಚೂರು ಇಳಿಯುತ್ತದೆ.

ತಮ್ಮ ಮಾಡಿದ್ದು

ಕಾರ್ಡು, ಬೈಕು ಎರಡನ್ನೂ 94 ಸಾವಿರದಲ್ಲಿ ಮುಟ್ಟಿಸಿದ. ಪರ್ಸನಲ್ ಲೋನ್ ಹಾಗೇ ಬಿಟ್ಟ. ಹೆಂಡತಿಯನ್ನು ಸಹ ಅರ್ಜಿದಾರೆ ಮಾಡಿದ. ಅವನ ಲೆಕ್ಕದಲ್ಲಿ 19,750, ಅವಳ ಲೆಕ್ಕದಲ್ಲಿ ಸಂಘದ ಕಂತು ಕಳೆದು 6,800, ಒಟ್ಟು 26,550. ಅಷ್ಟಕ್ಕೆ ಮೂವತ್ತು ಲಕ್ಷದವರೆಗೆ ಅರ್ಹತೆ ಬಂತು. ಅವನು ತೆಗೆದದ್ದು 28.5 ಲಕ್ಷ, ಕಂತು 24,700. ನೋಂದಣಿ ಮುಗಿದ ಮೇಲೂ ಕೈಯಲ್ಲಿ 95 ಸಾವಿರ ಉಳಿಯಿತು.

ಮೊದಲ ಸಲ 15 ಲಕ್ಷ ಅಂದ ಅದೇ ಶಾಖೆ, ಅದೇ ಮ್ಯಾನೇಜರು. ಮಂಜೂರಾತಿ ಪತ್ರ ತಂದ ದಿನ ಲೈನ್ ಬಜಾರಿನ ಪೇಢೆ ಹಿಡಿದುಕೊಂಡು ಬಂದಿದ್ದ. "ಅಣ್ಣಾ, ಪರ್ಸನಲ್ ಲೋನ್ ಮುಗಿದ ತಿಂಗಳ ಆ ಹತ್ತು ಸಾವಿರ ಏನ್ ಮಾಡ್ಲಿ?" ಅಂತ ಕೇಳಿದ. ಅರ್ಧ ಮನೆ ಸಾಲಕ್ಕೆ ತುಂಬು ಅಂದೆ. ಅವನ ಹೆಂಡತಿ ಒಳಗಿಂದಲೇ, "ಇನ್ನರ್ಧ ನನ್ನ ಸಂಘದ ಸಾಲಕ್ಕ್ರೀ ಮಾವಾರ" ಅಂದಳು.